ಫ್ಲೇಲ್ ಮೋವರ್‌ಗೆ ವೈ ಬ್ಲೇಡೋ, ಸುತ್ತಿಗೆಯೋ? ಲಂಟಾನ, ಜಾಲಿ, ತೆಂಗಿನ ಗರಿ ಮೂರೂ ಇರುವ ಜಮೀನು

ತೋಟದ_ದಾರಿ (ತಿಪಟೂರು ಕಡೆ)

45 ಎಚ್‌ಪಿ ಟ್ರ್ಯಾಕ್ಟರ್, ಒಂದೇ ಕ್ಲಚ್ಚಿನದು. ಹಿಂದೆ 6 ಅಡಿಯ ಫ್ಲೇಲ್ ಮೋವರ್, ಅಂದರೆ ತಿರುಗುವ ರೋಟರ್ ಮೇಲೆ ಆಡುವ ಬ್ಲೇಡುಗಳಿಂದ ಹುಲ್ಲು, ಪೊದೆ ಹೊಡೆಯುವ ಯಂತ್ರ. ರೋಟರ್ ಮೇಲೆ 32 ಕಿವಿ (ಬ್ಲೇಡು ಕೂರಿಸಲು ಬೆಸೆದ ತಗಡು), ಪ್ರತಿ ಕಿವಿಗೂ ಒಂದು ಜೊತೆ ವೈ ಬ್ಲೇಡು. ನಾಲ್ಕು ಎಕರೆ ತೆಂಗು, ಅದರಲ್ಲಿ ಹುಲ್ಲು, ಪಾರ್ಥೇನಿಯಂ, ಬಿದ್ದ ಗರಿ. ಪಕ್ಕದಲ್ಲಿ ಎರಡು ಎಕರೆ ಬೀಳು: ಆಳೆತ್ತರದ ಲಂಟಾನ, ಅಲ್ಲಲ್ಲಿ ಬಳ್ಳಾರಿ ಜಾಲಿ, ನೆಲದಲ್ಲಿ ಕಲ್ಲು. ಮಾರಿದ ಅಂಗಡಿಯವರು “ಬ್ಲೇಡು ಬಿಚ್ಚಿ ಅದೇ ರೋಟರ್‌ಗೆ ಸುತ್ತಿಗೆ ಹಾಕಿ, ಎಲ್ಲಾ ಹೊಡೆಯುತ್ತೆ” ಅಂತಾರೆ. ಸುತ್ತಿಗೆ ಅಂದರೆ ಜಜ್ಜುವ ಭಾರದ ಬ್ಲೇಡು. ಹಾಕಬಹುದಾ? ಹಾಕಿದರೆ ತೋಟದ ಹುಲ್ಲಿಗೂ ಅದೇ ಸಾಕಾ?

ಲೇತ್_ಶೆಡ್

ಹಾಕುವ ಮುಂಚೆ ಒಂದು ವೈ ಜೊತೆಯನ್ನೂ ಒಂದು ಸುತ್ತಿಗೆಯನ್ನೂ ತಕ್ಕಡಿಗೆ ಇಡಿ ಸರ್. ನಿಮ್ಮ ಅಳತೆಯ ಯಂತ್ರದಲ್ಲಿ ವೈ ಜೊತೆ 700 ಗ್ರಾಂ, ಸುತ್ತಿಗೆ 1.1 ಕೆ.ಜಿ. ಅಂತಿಟ್ಟುಕೊಳ್ಳಿ. ರೋಟರ್ 2000 ಆರ್‌ಪಿಎಂ, ನಡುವಿನಿಂದ ಬ್ಲೇಡಿನ ಭಾರ ಇರುವ ಜಾಗಕ್ಕೆ 17 ಸೆಂ.ಮೀ. ಆಗ ವೈ ಜೊತೆ ತನ್ನ ಬೋಲ್ಟನ್ನು ಸುಮಾರು 530 ಕೆ.ಜಿ. ಬಲದಲ್ಲಿ ಹೊರಕ್ಕೆ ಎಳೆಯುತ್ತದೆ, ಸುತ್ತಿಗೆ 830 ಕೆ.ಜಿ. ಬಲದಲ್ಲಿ. ಇದು ಏನನ್ನೂ ಹೊಡೆಯದೆ ಬರಿದೇ ತಿರುಗುವಾಗಿನ ಲೆಕ್ಕ. ಕಲ್ಲಿಗೆ ಬಡಿದಾಗಿನ ಏಟು ಬೇರೆ.

ಆ ಹೆಚ್ಚುವರಿ 300 ಕೆ.ಜಿ.ಯನ್ನು ತಡೆಯಬೇಕಾದದ್ದು ಕಿವಿಯ ಬೆಸುಗೆ ಮತ್ತು ಬೋಲ್ಟು. ವೈ ಬ್ಲೇಡಿಗೆಂದೇ ಮಾಡಿದ ಹಗುರ ರೋಟರ್‌ಗಳಲ್ಲಿ ಕಿವಿಯ ತಗಡು ತೆಳು, ಬೋಲ್ಟು ಸಣ್ಣದು. ಸುತ್ತಿಗೆಯ ರೋಟರ್‌ನಲ್ಲಿ ಪೈಪಿನ ಗೋಡೆಯೂ ದಪ್ಪ, ಬೋಲ್ಟೂ ದಪ್ಪ. “ತೂತು ಕೂರುತ್ತೆ” ಅನ್ನುವುದು ಕಾರಣವಾಗಬಾರದು. ತಯಾರಕರ ಬಿಡಿಭಾಗದ ಪಟ್ಟಿಯಲ್ಲಿ ಒಂದೇ ರೋಟರ್ ನಂಬರಿನ ಎದುರು ವೈ, ಸುತ್ತಿಗೆ ಎರಡೂ ಇದ್ದರೆ ಮಾತ್ರ ಬದಲಾಯಿಸಿ. ಪಟ್ಟಿಯಲ್ಲಿ ಇಲ್ಲದಿದ್ದರೆ ಬೇಡ.

ಇನ್ನೊಂದು: 32 ಕಿವಿಗೆ 400 ಗ್ರಾಂ ಅಂದರೆ ರೋಟರ್‌ನ ಹೊರ ಅಂಚಿಗೆ 12.8 ಕೆ.ಜಿ. ಸೇರಿತು. ಶುರು ಮಾಡುವಾಗ ಬೆಲ್ಟು ಜಾರುತ್ತದೆ, ಕ್ಲಚ್ ಸವೆಯುತ್ತದೆ. ಬೆಲ್ಟಿನ ಕಪ್ಪು ಪುಡಿ ಗಾರ್ಡಿನೊಳಗೆ ಕಂಡರೆ ಇದೇ ಕಾರಣ.

ಹುಲ್ಲುಬನ್ನಿ

ಲೇತ್ ಸರ್ ತೂಕದ ಮಾತು ಹೇಳಿದರು, ನಾನು ಆಕಾರದ್ದು ಹೇಳ್ತೀನಿ. ಅಂಗಡಿಯಲ್ಲಿ ಸಿಗುವುದು ಮುಖ್ಯವಾಗಿ ಇವು.

ವೈ ಅಂದರೆ ಎರಡು ಎಲ್ ಆಕಾರದ ಪಟ್ಟಿ, ಬೆನ್ನಿಗೆ ಬೆನ್ನು ಕೊಟ್ಟು ಒಂದೇ ಬೋಲ್ಟಿನಲ್ಲಿ. ಅಂಚು ತೆಳು, ಹೊಡೆತಕ್ಕಿಂತ ಕೊಯ್ತ ಹೆಚ್ಚು. ಹುಲ್ಲು, ಪಾರ್ಥೇನಿಯಂ, ಕಮ್ಯುನಿಸ್ಟ್ ಗಿಡ, ಹೆಬ್ಬೆರಳ ದಪ್ಪದ ಹಸಿ ಕಾಂಡ ಇದರ ಕೆಲಸ. ಶಕ್ತಿ ಕಡಿಮೆ ಬೇಡುತ್ತದೆ. ಎರಡೂ ಕಡೆ ಅಂಚಿರುವ ಬ್ಲೇಡಾದರೆ ಒಂದು ಕಡೆ ಮೊಂಡಾದಾಗ ತಿರುಗಿಸಿ ಹಾಕಬಹುದು, ಇದು ದೊಡ್ಡ ಲಾಭ. ಕಲ್ಲಿಗೆ ಬಡಿದರೆ ಹಿಂದಕ್ಕೆ ಮಡಚಿಕೊಂಡು ಪಾರಾಗುತ್ತದೆ. ಹೋದರೂ ಒಂದು ಪಟ್ಟಿ ಹೋಗುತ್ತದೆ, ಜೇಬಿಗೆ ದೊಡ್ಡ ಏಟಲ್ಲ.

ಇದೇ ವೈ ನಡುವೆ ಒಂದು ನೇರ ಪಟ್ಟಿ ಸೇರಿಸಿ ಮೂರು ತುಂಡು ಮಾಡಿರುವುದೂ ಉಂಟು. ನಡುವಿನದು ಕಾಂಡವನ್ನು ಉದ್ದಕ್ಕೆ ಸೀಳುತ್ತದೆ, ಅಕ್ಕಪಕ್ಕದವು ಅಡ್ಡಕ್ಕೆ ಕತ್ತರಿಸುತ್ತವೆ. ಹತ್ತಿ ಕಡ್ಡಿ, ಜೋಳದ ದಂಟು, ಒಣಗಿದ ಲಂಟಾನದ ಮೇಲಿನ ರೆಂಬೆಗಳಿಗೆ ನನ್ನ ಓಟು ಇದಕ್ಕೇ. ತೂಕ ಸ್ವಲ್ಪ ಏರುತ್ತದೆ ಅನ್ನುವುದು ಮಾತ್ರ ನೆನಪಿರಲಿ.

ಚಮಚದ ಆಕಾರದ ಅಗಲ ಬ್ಲೇಡು ಹುಲ್ಲುಹಾಸಿಗೆ. ಗಾಳಿ ಎಳೆದು ಹುಲ್ಲನ್ನು ನೆಟ್ಟಗೆ ನಿಲ್ಲಿಸಿ ಕತ್ತರಿಸುತ್ತದೆ. ಕಲ್ಲಿರುವ ಬೀಳಿಗೆ ಇದರ ಮಾತೇ ಬೇಡ.

ಸುತ್ತಿಗೆ ಎರಕದ್ದೋ ಬಡಿದು ಮಾಡಿದ್ದೋ ಒಂದೇ ಗಟ್ಟಿ ತುಂಡು, ಮುಂದಿನ ಅಂಚು ನಾಲ್ಕು ಬೆರಳು ಅಗಲ. ಕತ್ತರಿಸುವುದಕ್ಕಿಂತ ಜಜ್ಜುತ್ತದೆ. ಒಣ ಕಟ್ಟಿಗೆ, ನಾರಿನ ಮಟ್ಟೆ, ಎರಡು ಬೆರಳು ದಪ್ಪದ ಕಾಂಡಕ್ಕೆ ಹೇಳಿ ಮಾಡಿಸಿದ್ದು. ಎಳೆ ಹುಲ್ಲಿಗೆ ಹಾಕಿದರೆ ಕೊಯ್ಯುವುದಿಲ್ಲ, ಜಗಿದು ಎಳೆಯುತ್ತದೆ. ಮಳೆಗಾಲದ ಹಸಿ ಹುಲ್ಲು ಹುಡ್ಡಿನೊಳಗೆ (ರೋಟರ್ ಮುಚ್ಚುವ ತಗಡಿನೊಳಗೆ) ಸಗಣಿ ಮೆತ್ತಿದ ಹಾಗೆ ಕೂರುತ್ತದೆ. ಅದಕ್ಕೇ ತೋಟಕ್ಕೂ ಬೀಳಿಗೂ ಒಂದೇ ಸಾಕಾ ಅಂದರೆ ಉತ್ತರ ಇಲ್ಲ ಅಂತಲೇ.

ರೋಟರ್‌ಗೇ ಗಟ್ಟಿಯಾಗಿ ಬೋಲ್ಟ್ ಮಾಡಿದ ಕಾರ್ಬೈಡ್ ಹಲ್ಲಿನ ಯಂತ್ರ ಬೇರೆ ಜಾತಿ. ಮಡಚಿಕೊಳ್ಳುವ ಬ್ಲೇಡೇ ಅಲ್ಲ ಅದು, 45 ಎಚ್‌ಪಿಯ ಗಾಡಿಗೆ ಹೊರೆಯೂ ಹೌದು.

ಕೆಂಪು_ನೆಲ (ಕೊಪ್ಪಳ)

ಬಳ್ಳಾರಿ ಜಾಲಿ ಅಂತ ಬರದೀರಿ, ಅದನ್ನ ಹಗುರ ತಿಳಕೋಬ್ಯಾಡ್ರಿ. ಕಾಂಡ ಎರಡು ಬೆರಳಿಗಿಂತ ದಪ್ಪ ಆತು ಅಂದ್ರ ಫ್ಲೇಲ್ ಒಯ್ಯಬ್ಯಾಡ್ರಿ, ವೈ ಇರಲಿ ಸುತ್ತಿಗಿ ಇರಲಿ. ಜೆಸಿಬಿ ಹಚ್ಚಿ ಬೇರು ಸಮೇತ ಕೀಳಸ್ರಿ, ಮ್ಯಾಲೆ ಬರೋ ಮರಿ ಚಿಗುರಿಗೆ ಮಾತ್ರ ಮೋವರ್.

ಯಾಕಂದ್ರ ಹೊಡದ ಮ್ಯಾಲೆ ಉಳಿಯೋ ಮೋಟು ನೋಡ್ರಿ. ಹರಿತ ವೈ ಬ್ಲೇಡು ಓರೆಯಾಗಿ ಕೊಯ್ದು ಮೊಳಿ ನೆಟ್ಟಂಗ ಬಿಡ್ತೈತಿ. ಸುತ್ತಿಗಿ ಜಜ್ಜಿ ಕುಂಚದಂಗ ಬಿಡ್ತೈತಿ. ಟಯರಿಗೆ ಕುಂಚ ವಾಸಿ. ಆದ್ರ ಎರಡೂ ರೀತಿ ಹೊಡದ್ರೂ ಜಾಲಿ ಬುಡದಾಗ ನಾಲ್ಕು ಪಟ್ಟು ಚಿಗುರತೈತಿ, ಅದು ಗೊತ್ತಿರಲಿ. ಚೂರಾದ ಮುಳ್ಳು ನೆಲದಾಗ ಹರಡತಾವು, ಮುಂದಿನ ಸಣ್ಣ ಟಯರು ಮೊದಲು ಪಂಕ್ಚರ್. ಮುಳ್ಳಿನ ರೆಂಬಿ ಮೊದಲ ಕಡದು ಬದಿಗೆ ಒಟ್ಟಿ ಆಮ್ಯಾಲೆ ಹೋಗ್ರಿ.

ಗಟ್ಟಿಗೇರ್

ಸುತ್ತಿಗೆ ಬಗ್ಗೆ ಎಲ್ಲರೂ ಮಾತಾಡ್ತಿದ್ದೀರಿ, ನನಗೆ ಅರ್ಧ ಒಪ್ಪಿಗೆ. “ವೈ ಬ್ಲೇಡು ಲಂಟಾನ ಕತ್ತರಿಸಲ್ಲ” ಅನ್ನುವವರ ಯಂತ್ರದಲ್ಲಿ ಬಹಳ ಸಲ ತಪ್ಪು ಬ್ಲೇಡಿನದಲ್ಲ, ಆಕ್ಸಿಲರೇಟರಿನದು. ಡೀಸೆಲ್ ಉಳಿಯಲಿ ಅಂತ ಪಿಟಿಒವನ್ನು (ಯಂತ್ರ ತಿರುಗಿಸುವ ಟ್ರ್ಯಾಕ್ಟರಿನ ಹಿಂದಿನ ಶಾಫ್ಟು) 540ರ ಬದಲು 400ರಲ್ಲಿ ಓಡಿಸ್ತಾರೆ. ರೋಟರ್ 2000ದಿಂದ 1480ಕ್ಕೆ ಇಳಿಯಿತು. ವೇಗ ಮುಕ್ಕಾಲಿಗೆ ಇಳಿದರೆ ಏಟಿನ ಶಕ್ತಿ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ, ಶೇ 55ಕ್ಕೆ. ಬ್ಲೇಡು ಕಾಂಡಕ್ಕೆ ಬಡಿದು ಹಿಂದಕ್ಕೆ ಮಲಗುತ್ತದೆ, ಕಾಂಡ ರೋಟರ್‌ಗೆ ಸುತ್ತಿಕೊಳ್ಳುತ್ತದೆ. ಆಮೇಲೆ ಬ್ಲೇಡಿಗೆ ಬೈಗುಳ.

ಮೀಟರಿನಲ್ಲಿ 540ರ ಗುರುತು ಎಲ್ಲಿದೆ ನೋಡಿ, ಭಾರ ಬಿದ್ದಾಗಲೂ ಮುಳ್ಳು ಅಲ್ಲೇ ಇರಬೇಕು. ಎಕಾನಮಿ ಪಿಟಿಒ (ಇಂಜಿನ್ ನಿಧಾನವಿದ್ದರೂ 540 ಕೊಡುವುದು) ಇರುವ ಗಾಡಿಯಾದರೆ ಅದು ಸ್ಪ್ರೇಯರ್‌ಗೆ, ಆಲ್ಟರ್ನೇಟರ್‌ಗೆ, ಪೊದೆಗೆ ಅಲ್ಲ.

ಎರಡನೆಯದು ಮುಂದೆ ಹೋಗುವ ವೇಗ. ಗಂಟೆಗೆ 3 ಕಿ.ಮೀ. ಅಂದರೆ ರೋಟರ್‌ನ ಒಂದು ಸುತ್ತು ಮುಗಿಯುವಷ್ಟರಲ್ಲಿ ಟ್ರ್ಯಾಕ್ಟರ್ 25 ಮಿ.ಮೀ. ಮುಂದೆ ಹೋಗಿರುತ್ತದೆ. 5 ಕಿ.ಮೀ.ಗೆ ಅದು 42 ಮಿ.ಮೀ., ಒಂದೂವರೆ ಕಿ.ಮೀ.ಗೆ 12.5 ಮಿ.ಮೀ. ಪ್ರತಿ ಬ್ಲೇಡು ಕಚ್ಚುವ ತುತ್ತು ಇದು. ಹುಲ್ಲಿಗೆ 4–5 ಕಿ.ಮೀ. ಪರವಾಗಿಲ್ಲ, ಲಂಟಾನಕ್ಕೆ ಒಂದೂವರೆ ಎರಡರ ಮೇಲೆ ಹೋಗಬಾರದು. ಮೀಟರ್ ಬೇಡ: 10 ಮೀಟರ್ ಹಗ್ಗ ಹಿಡಿದು ಎರಡು ಗೂಟ ಹೊಡೆಯಿರಿ. 12 ಸೆಕೆಂಡಿಗೆ ದಾಟಿದರೆ 3 ಕಿ.ಮೀ., 24 ಸೆಕೆಂಡಿಗೆ ದಾಟಿದರೆ ಒಂದೂವರೆ. ಗೇರು ಸಣ್ಣದಿರಲಿ, ಆಕ್ಸಿಲರೇಟರ್ ದೊಡ್ಡದಿರಲಿ. ನಮ್ಮಲ್ಲಿ ನಡೆಯುವುದು ಇದರ ತದ್ವಿರುದ್ಧ.

ಲೇತ್_ಶೆಡ್

@ಗಟ್ಟಿಗೇರ್ ವೇಗದ ಮಾತು ನೂರಕ್ಕೆ ನೂರು. ಆದರೆ ಒಣ ಲಂಟಾನದ ಬುಡಕ್ಕೆ ವೈ ಹಾಕಿ ನಿಧಾನ ಹೋದರೂ ಅಂಚು ಉಳಿಯಲ್ಲ ಸರ್. ಕಾಂಡಕ್ಕಿಂತ ಅದರ ಬುಡದಲ್ಲಿ ಸಿಕ್ಕಿಕೊಂಡ ಮಣ್ಣು, ಜಲ್ಲಿ ಬ್ಲೇಡನ್ನು ತಿನ್ನುವುದು. ಸುತ್ತಿಗೆಗೆ ಅಂಚು ಹೋದರೂ ತೂಕ ಇರುತ್ತದೆ, ಕೆಲಸ ನಡೆಯುತ್ತದೆ. ವೈಗೆ ಅಂಚು ಹೋದರೆ ಉಳಿಯುವುದು ಬರೀ ತಗಡು.

ಶಕ್ತಿಯ ಲೆಕ್ಕವನ್ನೂ ನೋಡಿ. 45 ಅನ್ನುವುದು ಇಂಜಿನ್ನಿನದು, ಪಿಟಿಒಗೆ ಬರುವುದು 38ರ ಆಸುಪಾಸು. ವೈ ಹಾಕಿ ಹುಲ್ಲು ಹೊಡೆಯಲು ಅಗಲದ ಅಡಿಗೆ 4–5 ಎಚ್‌ಪಿ ಸಾಕು. ಸುತ್ತಿಗೆಯಲ್ಲಿ ಪೊದೆ ಅಂದರೆ ಅಡಿಗೆ 7 ಆದರೂ ಬೇಕು. 6 ಅಡಿಗೆ 42 ಆಯಿತು, ನಿಮ್ಮಲ್ಲಿ ಇಲ್ಲ. ಹಾಗಾಗಿ ಸುತ್ತಿಗೆ ಹಾಕಿದರೂ ಪೂರ್ತಿ ಅಗಲ ತುಂಬಬೇಡಿ, ಪ್ರತಿ ಸಾಲಿಗೆ 4 ಅಡಿ ಮಾತ್ರ ಕೊಡಿ.

ತೋಟದ_ದಾರಿ

ಇಷ್ಟು ಲೆಕ್ಕ ಅಂಗಡಿಯಲ್ಲಿ ಯಾರೂ ಹೇಳಲಿಲ್ಲ. ಇನ್ನೂ ಮೂರು ಪ್ರಶ್ನೆ. ತೆಂಗಿನ ಗರಿಯ ಮಟ್ಟೆ ಪುಡಿಯಾಗದೆ ಪುಟಿದು ಹಿಂದೆ ಹಾಗೇ ಬೀಳುತ್ತಿದೆ, ಏಕೆ? ಡ್ರಿಪ್ ಪೈಪು ಸುತ್ತಿಕೊಂಡರೆ ರಿವರ್ಸ್ ಪಿಟಿಒ ಹಾಕಿ ಬಿಚ್ಚಬಹುದಾ? ಮತ್ತೆ, ಕ್ಲಚ್ ಪೂರ್ತಿ ಒತ್ತಿದರೂ ಗಾಡಿ ಮುಂದಕ್ಕೆ ನೂಕುತ್ತದೆ.

ಕರಾವಳಿ_ಕತ್ತಿ

ಕೊನೆಯದು ಮೊದಲು ಮಾರಾಯ್ರೆ, ಅದು ಅಪಾಯದ್ದು. ಒಂದೇ ಕ್ಲಚ್ಚಿನ ಗಾಡಿಯಲ್ಲಿ ಕ್ಲಚ್ ಒತ್ತಿದಾಗ ಇಂಜಿನ್ ಬೇರೆಯಾಗುತ್ತದೆ, ಆದರೆ ಪಿಟಿಒ ಮತ್ತು ಚಕ್ರ ಒಂದಕ್ಕೊಂದು ಸೇರಿಕೊಂಡೇ ಇರುತ್ತವೆ. ತಿರುಗುತ್ತಿರುವ ಭಾರದ ರೋಟರ್ ಹಿಂದಿನಿಂದ ಗೇರ್‌ಬಾಕ್ಸ್ ತಿರುಗಿಸಿ ಗಾಡಿಯನ್ನೇ ನೂಕುತ್ತದೆ. ಎದುರಿಗೆ ತೆಂಗಿನ ಮರವೋ ಬಾವಿ ಕಟ್ಟೆಯೋ ಇದ್ದರೆ ಏನಾದೀತು ನೋಡಿ. ಮೋವರ್ ಗೇರ್‌ಬಾಕ್ಸಿನೊಳಗೆ ಅಥವಾ ಟ್ರ್ಯಾಕ್ಟರಿನಿಂದ ಮೋವರಿಗೆ ಹೋಗುವ ಜಾಯಿಂಟ್ ಶಾಫ್ಟಿನಲ್ಲಿ ಒಂದೇ ದಿಕ್ಕಿಗೆ ಹಿಡಿಯುವ ಫ್ರೀವೀಲ್ ಇರಬೇಕು. ಇದ್ದೂ ನೂಕುತ್ತಿದ್ದರೆ ಅದು ಜಾಮ್ ಆಗಿದೆ. ಪರೀಕ್ಷೆ ಸುಲಭ: ಇಂಜಿನ್ ಬಂದ್ ಮಾಡಿ, ಶಾಫ್ಟ್ ಟ್ರ್ಯಾಕ್ಟರ್ ಕಡೆಯಿಂದ ಬಿಚ್ಚಿ, ಕೈಯಲ್ಲಿ ತಿರುಗಿಸಿ. ಒಂದು ಕಡೆಗೆ ರೋಟರ್ ಜೊತೆಗೆ ಬರಬೇಕು, ಇನ್ನೊಂದು ಕಡೆಗೆ ಶಾಫ್ಟ್ ಮಾತ್ರ ತಿರುಗಬೇಕು. ಸುತ್ತಿಗೆ ಹಾಕಿದರೆ ರೋಟರ್ ಇನ್ನೂ ಹೊತ್ತು ತಿರುಗುತ್ತದೆ, ನೂಕುವುದೂ ಹೆಚ್ಚಾಗುತ್ತದೆ. ಇದು ಸರಿಯಾಗುವವರೆಗೆ ಬ್ಲೇಡಿನ ಚರ್ಚೆ ಆಮೇಲೆ.

ರಿವರ್ಸ್ ಪಿಟಿಒ ಪ್ರಶ್ನೆಗೂ ಇದೇ ಉತ್ತರ: ಫ್ರೀವೀಲ್ ಸರಿಯಿದ್ದರೆ ರಿವರ್ಸಿನಲ್ಲಿ ರೋಟರ್ ತಿರುಗುವುದೇ ಇಲ್ಲ. ತಿರುಗಿದರೂ ಪೈಪು ಬಿಚ್ಚಿಕೊಳ್ಳುವ ಬದಲು ಇನ್ನೊಂದು ಕಡೆಯಿಂದ ಬಿಗಿಯುತ್ತದೆ. ಇಂಜಿನ್ ಬಂದ್, ಕೀಲಿ ಜೇಬಿಗೆ, ಯಂತ್ರವನ್ನು ಎತ್ತಿ ಕೆಳಗೆ ಮರದ ದಿಮ್ಮಿ ಕೊಟ್ಟು, ಚಾಕುವಿನಲ್ಲಿ ಕೊಯ್ದು ತೆಗೆಯಬೇಕು. ಬರೀ ಲಿಫ್ಟಿನ ಮೇಲೆ ನಂಬಿ ಅಡಿಗೆ ಕೈ ಹಾಕಬೇಡಿ. ರೋಟರ್‌ನ ಎರಡು ತುದಿ ತಪ್ಪದೆ ನೋಡಿ. ಪೈಪಿನ ಎಳೆ, ಹಗ್ಗ, ತೆಂಗಿನ ನಾರು ಬೇರಿಂಗಿನ ಸೀಲಿನೊಳಗೆ ನುಗ್ಗಿದರೆ ಗ್ರೀಸ್ ಹೊರಬರುತ್ತದೆ, ಬೇರಿಂಗ್ ಸುಟ್ಟು ಹೋಗುತ್ತದೆ. ಡ್ರಿಪ್ಪಿನ ಲ್ಯಾಟರಲ್ ಎಳೆದು ಮರದ ಬುಡಕ್ಕೆ ಸುತ್ತಿಟ್ಟೇ ಯಂತ್ರ ಇಳಿಸಿ. ವೈ ಬ್ಲೇಡು ಪೈಪನ್ನು ತುಂಡು ಮಾಡಿ ಎಸೆಯುತ್ತದೆ, ಸುತ್ತಿಗೆ ಎಳೆದು ಸುತ್ತಿಕೊಳ್ಳುತ್ತದೆ, ಎರಡೂ ನಷ್ಟವೇ.

ಗರಿಯ ವಿಷಯ. ಸಾಲಿನ ಉದ್ದಕ್ಕೆ ಮಲಗಿದ ಗರಿಯನ್ನು ಬ್ಲೇಡು ನಾರಿನ ದಿಕ್ಕಿನಲ್ಲೇ ಕೆರೆಯುತ್ತದೆ, ಉದ್ದುದ್ದ ಸಿಬಿರು ಬರುತ್ತದೆ. ಪೂರ್ತಿ ಅಡ್ಡಕ್ಕೆ ಹಾಕಿದರೆ ಎಲ್ಲಾ ಬ್ಲೇಡಿಗೂ ಒಂದೇ ಸಲ ಸಿಕ್ಕಿ ಬೆಲ್ಟು ಕಿರುಚುತ್ತದೆ. ಓರೆಯಾಗಿ ಹಾಕಿ. ತುದಿಯಿಂದ ಶುರುವಾಗಿ ಸ್ವಲ್ಪ ಸ್ವಲ್ಪವೇ ಒಳಗೆ ಹೋಗುತ್ತದೆ. ಬುಡದ ಎರಡಡಿ ದಪ್ಪ ಮಟ್ಟೆ ಮೊದಲೇ ಕತ್ತಿಯಲ್ಲಿ ಕಡಿದು ತೆಗೆಯಿರಿ, ಅದು ವೈ ಬ್ಲೇಡಿನ ತುತ್ತಲ್ಲ. ಪುಡಿ ತೆಳುವಾಗಿ ಹರಡಿರಲಿ. ಒಂದೇ ಕಡೆ ಗುಡ್ಡೆ ಬಿದ್ದು ಕೊಳೆತರೆ ಕುರುವಾಯಿ ಹುಳು (ತೆಂಗಿನ ಸುಳಿ ಕೊರೆಯುವ ದುಂಬಿ) ಅದರಲ್ಲೇ ಮೊಟ್ಟೆ ಇಡುತ್ತದೆ.

ಹುಲ್ಲುಬನ್ನಿ

ಲಂಟಾನ ಹೊಡೆಯುವ ಕ್ರಮವನ್ನೂ ಸೇರಿಸ್ತೀನಿ. ಯಂತ್ರ ಹಿಂದಿದೆ, ಟ್ರ್ಯಾಕ್ಟರ್ ಮುಂದಿದೆ. ಅಂದರೆ ಪೊದೆಯನ್ನು ಮೊದಲು ತುಳಿಯುವುದು ಟ್ರ್ಯಾಕ್ಟರ್. ಕಾಂಡ ಮುಂದಕ್ಕೆ ಬಾಗುತ್ತದೆ, ಮೋವರ್ ಅದರ ಮೇಲೆ ಹಾದು ಹೋಗುತ್ತದೆ, ಕಾಂಡ ಹಿಂದೆ ಎದ್ದು ನಿಂತು ನಗುತ್ತದೆ. ಅದಕ್ಕೆ ಎರಡನೇ ಸಲ ಎದುರು ದಿಕ್ಕಿನಿಂದ ಬರಬೇಕು.

ಮೊದಲ ಸಲ 20–25 ಸೆಂ.ಮೀ. ಎತ್ತರದಲ್ಲಿ, ಮೇಲಿನ ರೆಂಬೆ ಮಾತ್ರ. ಆಗ ನೆಲದಲ್ಲಿ ಏನಿದೆ ಕಾಣುತ್ತದೆ. ಕಲ್ಲು, ಹಳೇ ತಂತಿ ಬೇಲಿ, ಗೂಟ ಆರಿಸಿ ತೆಗೆಯಿರಿ. ತಂತಿ ಎಲ್ಲಕ್ಕಿಂತ ಕೆಟ್ಟದ್ದು, ಯಾವ ಬ್ಲೇಡಿಗೂ ಜಗ್ಗುವುದಿಲ್ಲ. ಎರಡನೇ ಸಲ ರೋಲರ್ 8–10 ಸೆಂ.ಮೀ.ಗೆ ಇಳಿಸಿ. ತೋಟದ ಹುಲ್ಲಿನಂತೆ 4 ಸೆಂ.ಮೀ.ಗೆ ಇಳಿಸಿದರೆ ಬ್ಲೇಡು ಮಣ್ಣು ಉಳುತ್ತದೆ. ಧೂಳು ಕಂಡ ಕೂಡಲೇ ಎತ್ತಿ.

ಹೊಡೆಯುವ ಮುಂಚೆ ಟ್ರ್ಯಾಕ್ಟರಿನ ಅಡಿಭಾಗ ನೋಡಿ: ಡೀಸೆಲ್ ಪೈಪು, ಹೈಡ್ರಾಲಿಕ್ ಪೈಪು, ರೇಡಿಯೇಟರ್. ಮುರಿದ ಲಂಟಾನದ ಕಾಂಡ ಈಟಿಯ ಹಾಗೆ ತಿವಿಯುತ್ತದೆ. ರೇಡಿಯೇಟರಿನ ಮುಂದೆ ಜಾಲರಿ ಹಾಕಿ, ಅರ್ಧ ಗಂಟೆಗೊಮ್ಮೆ ಒರೆಸಿ. ಲಂಟಾನದ ಹೊಟ್ಟು ಮೆತ್ತಿಕೊಂಡರೆ ಇಂಜಿನ್ ಕಾಯುತ್ತದೆ. ಮೋವರಿನ ಹಿಂದಿನ ರಬ್ಬರು ಪರದೆ, ಮುಂದಿನ ಸರಪಳಿ ಇಲ್ಲದೆ ಶುರು ಮಾಡಲೇಬೇಡಿ. ಸುತ್ತಿಗೆ ಎಸೆದ ಕಲ್ಲು ಗದ್ದೆಯಾಚೆ ಹೋಗುತ್ತದೆ, ಸುತ್ತ 50 ಮೀಟರ್‌ನಲ್ಲಿ ಮನುಷ್ಯರು, ದನ ಇರಬಾರದು.

ಇಷ್ಟೆಲ್ಲ ಮಾಡಿದರೂ ಲಂಟಾನ ಸಾಯುವುದಿಲ್ಲ. ಬುಡದಿಂದ ಮತ್ತೆ ಚಿಗುರುತ್ತದೆ. ಹೊಡೆದ ಮೇಲೆ ಮಳೆ ಬಿದ್ದು ನೆಲ ಮೆತ್ತಗಾದಾಗ ಹಾರೆ ಹಾಕಿ ಬುಡ ಕಿತ್ತು ತಲೆಕೆಳಗಾಗಿ ಒಣಗಿಸಬೇಕು. ಹಾಗೆ ಬಿಟ್ಟ ಕಡೆ ಬರುವ ಚಿಗುರು ಎಳಸು. ಆಗ ನಿಮ್ಮ ಈಗಿನ ವೈ ಬ್ಲೇಡೇ ಸಾಕು. ಪಾರ್ಥೇನಿಯಂ ಆದರೆ ಹೂ ಬಿಡುವ ಮುಂಚೆಯೇ ಹೊಡೆಯಿರಿ, ಮುಖಕ್ಕೆ ಬಟ್ಟೆ ಇರಲಿ.

ತೋಟದ_ದಾರಿ

ಫ್ರೀವೀಲ್ ಪರೀಕ್ಷೆ ಮಾಡಿದೆ. ಎರಡೂ ಕಡೆಗೂ ರೋಟರ್ ತಿರುಗುತ್ತದೆ, ಅಂದರೆ ಜಾಮ್. ಅದನ್ನು ಮೊದಲು ಬಿಚ್ಚಿಸ್ತೀನಿ. ಬಿಡಿಭಾಗದ ಪಟ್ಟಿಯಲ್ಲಿ ಈ ರೋಟರ್ ಎದುರು ವೈ ಮತ್ತು ಮೂರು ತುಂಡಿನದು ಮಾತ್ರ ಇದೆ, ಸುತ್ತಿಗೆಗೆ ಬೇರೆ ರೋಟರ್ ನಂಬರ್. ಈಗಿರುವ ವೈನಲ್ಲಿ ಎರಡು ಪಟ್ಟಿ ಮುರಿದಿವೆ, ನಡುಕ ಇದೆ. ಸಾಣೆ ಹಿಡಿಸಿದರೆ ಸರಿಹೋಗುತ್ತಾ?

ಲೇತ್_ಶೆಡ್

ಸಾಣೆಯಿಂದ ನಡುಕ ಹೋಗಲ್ಲ. ಒಂದು ಪಟ್ಟಿಯಿಂದ 100 ಗ್ರಾಂ ಕಳೆದುಹೋದರೂ ರೋಟರ್‌ನ ಆ ಬದಿಯಲ್ಲಿ ಸುಮಾರು 75 ಕೆ.ಜಿ. ಏರುಪೇರು, ಅದೂ ಸೆಕೆಂಡಿಗೆ 33 ಸಲ. ಮೊದಲು ಬೇರಿಂಗ್ ಹೋಗುತ್ತದೆ, ಆಮೇಲೆ ಹುಡ್ಡಿನ ಬೆಸುಗೆ ಬಿರಿಯುತ್ತದೆ. ಮುರಿದದ್ದನ್ನೂ ಅದರ ಎದುರು ಬದಿಯದನ್ನೂ ಸೇರಿಸಿ ಬದಲಾಯಿಸಿ. ಹೊಸದು ಎರಡು, ಹಳೇ ಸವೆದದ್ದು ಮೂವತ್ತು ಇದ್ದರೆ ಹೊಸದರ ತೂಕವೇ ಏರುಪೇರು ಮಾಡುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ಎಲ್ಲವನ್ನೂ ತೂಗಿ, ಹತ್ತಿರದ ತೂಕದವನ್ನು ಎದುರುಬದುರು ಹಾಕಿ. ಪಟ್ಟಿ ಮೂರರಲ್ಲಿ ಒಂದು ಪಾಲು ಸವೆದಿದ್ದರೆ ಇಡೀ ಸೆಟ್ಟು ಎಸೆಯಿರಿ.

ಬೋಲ್ಟು ಹಳೇದು ಹಾಕಬೇಡಿ. ತೆಗೆದು ಉಗುರು ಎಳೆದು ನೋಡಿ, ಬ್ಲೇಡು ಕೂರುವ ಜಾಗದಲ್ಲಿ ಕೊರಕಲು ಸಿಕ್ಕಿದರೆ ಅದು ಮುರಿಯಲು ತಯಾರಾದದ್ದು. ಸಂತೆಯ ಬೋಲ್ಟು ಬೇಡ, ತಲೆಯ ಮೇಲೆ 10.9 ಅಂತ ಅಚ್ಚಿರಬೇಕು, ನಟ್ಟು ನೈಲಾಕ್ (ಒಳಗೆ ನೈಲಾನ್ ಉಂಗುರವಿರುವುದು), ಅದು ಪ್ರತಿ ಸಲ ಹೊಸದು. ಬುಷ್ (ಬೋಲ್ಟಿನ ಸುತ್ತ ಕೂರುವ ಕೊಳವೆ) ಇರುವ ಜೋಡಣೆಯಾದರೆ ಬೋಲ್ಟನ್ನು ಬುಷ್ಷಿಗೆ ಬಿಗಿಯಿರಿ, ಬ್ಲೇಡು ಬೆರಳಲ್ಲಿ ತಳ್ಳಿದರೆ ಆಡಬೇಕು. ಬ್ಲೇಡೇ ಬಿಗಿಯಾದರೆ ಕಲ್ಲಿಗೆ ಬಡಿದಾಗ ಮಡಚದೆ ಮುರಿಯುತ್ತದೆ. ನಿಮ್ಮ ಎರಡು ಮುರಿದದ್ದು ಹಾಗೇ ಇರಬಹುದು, ತುಕ್ಕು ಹಿಡಿದು ಆಡದ ಕಿವಿ ಬೇರೆ ಇವೆಯಾ ನೋಡಿ.

ಸಾಣೆ ಹಿಡಿಯುವುದಾದರೆ ಗ್ರೈಂಡರ್ ಒತ್ತಬೇಡಿ, ಮಧ್ಯೆ ಮಧ್ಯೆ ಬಿಟ್ಟು ಆರಲು ಬಿಡಿ. ಅಂಚು ನೀಲಿ ಆಯಿತೋ, ಹದ ಹೋಯಿತು ಅಂತಲೇ. ಆಮೇಲೆ ಅದು ಒಂದೇ ದಿನಕ್ಕೆ ಮೊಂಡು. ಗಡ್ಡ ಕೆರೆಯುವಷ್ಟು ಹರಿತ ಬೇಡ, 1 ಮಿ.ಮೀ. ದಪ್ಪ ಅಂಚು ಉಳಿಸಿ. ಸವೆದ ಬ್ಲೇಡಿಗೆ ವೆಲ್ಡಿಂಗ್ ರಾಡು ತುಂಬಿಸುವ ಉಪಾಯ ಹೇಳುವವರು ಸಿಗ್ತಾರೆ. ಬೆಸುಗೆಯ ಪಕ್ಕದ ಉಕ್ಕು ಗಾಜಿನ ಹಾಗೆ ಸಿಡಿಯುತ್ತದೆ, ಸಿಡಿದ ತುಂಡಿನ ವೇಗ ಸೆಕೆಂಡಿಗೆ 40 ಮೀಟರ್ ದಾಟಿರುತ್ತದೆ.

ಗಟ್ಟಿಗೇರ್

ಹಾಗಾದರೆ ಲೆಕ್ಕ ಮುಗಿಯಿತಲ್ಲ: ತೋಟಕ್ಕೆ ವೈ ಇರಲಿ, ಬೀಳಿನ ಮೇಲಿನ ರೆಂಬೆಗೆ ಪಟ್ಟಿಯಲ್ಲಿರುವ ಮೂರು ತುಂಡಿನದು ಹಾಕಿ. ದಪ್ಪ ಬುಡಕ್ಕೆ ಸುತ್ತಿಗೆಯ ಯಂತ್ರ ಎರಡು ದಿನ ಬಾಡಿಗೆಗೆ ತನ್ನಿ. ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಕೇಳಿ ನೋಡಿ, ಎಲ್ಲಾ ಕಡೆ ಇರಲ್ಲ. ತಂದಾಗ ಜಾಯಿಂಟ್ ಶಾಫ್ಟಿನ ಉದ್ದ ನಿಮ್ಮ ಗಾಡಿಗೆ ಹೊಂದುತ್ತದಾ ನೋಡಿ: ಒಳಪೈಪು ಹೊರಪೈಪಿನೊಳಗೆ ಮೂರರಲ್ಲಿ ಒಂದು ಪಾಲಾದರೂ ಕೂತಿರಬೇಕು, ಎತ್ತಿ ಇಳಿಸಿ ನೋಡಿದಾಗ ಎಲ್ಲೂ ತುದಿ ಮುಟ್ಟಬಾರದು.

ತೋಟದ_ದಾರಿ

ಬೋಲ್ಟು 64 ಬೇಕಾ, 32 ಬೇಕಾ? ಮೂರು ತುಂಡಿನದಕ್ಕೆ ಈಗಿನ ಬೋಲ್ಟಿನ ಉದ್ದ ಸಾಕಾಗುತ್ತಾ?

ಲೇತ್_ಶೆಡ್

ಕಿವಿಗೊಂದು, 32. ಮೇಲೆ ನಾಲ್ಕು ಹೆಚ್ಚುವರಿ ತನ್ನಿ. ನಡುವಿನ ಪಟ್ಟಿ ಬುಷ್ಷಿನ ಮೇಲೇ ಕೂರುವ ಮಾದರಿಯಾದರೆ ಈಗಿನ ಉದ್ದವೇ ಸಾಕು. ಇಲ್ಲದಿದ್ದರೆ ಪಟ್ಟಿಯ ದಪ್ಪದಷ್ಟು ಉದ್ದ ಹೆಚ್ಚು ಬೇಕು. ಒಂದನ್ನು ಹಾಕಿ ನೋಡಿ: ನೈಲಾಕ್ ದಾಟಿ ಬೋಲ್ಟಿನ ಎರಡು ಥ್ರೆಡ್ ಹೊರಗೆ ಕಾಣಬೇಕು, ಮತ್ತು ರೋಟರನ್ನು ಕೈಯಲ್ಲಿ ಪೂರ್ತಿ ಒಂದು ಸುತ್ತು ತಿರುಗಿಸಿದಾಗ ಬ್ಲೇಡಿನ ತುದಿ ಹುಡ್ಡಿನೊಳಗಿನ ಅಡ್ಡಪಟ್ಟಿಗೆ ತಾಗಬಾರದು. ಆಮೇಲೆ ಉಳಿದವನ್ನು ತನ್ನಿ.